ಗುಂಯ್‌ಗುಡುವ ಗಿಟಾರು

ಲೊಬೆ ಪ್ರಿಸೊಗೆ ಬೇಸ್ ಗಿಟಾರ್ ನುಡಿಸಲು ಬರುವುದಿಲ್ಲ ಎಂದು ಮೂದಿಕಿ ಹೇಳತೊಡಗಿ ಎಷ್ಟೋ ವರ್ಷಗಳಾಗಿದ್ದವು. ದುವಾಲಾ ಊರಿನ ದೇಯಿದೊ ಕೇರಿಯ ಯಾವ ಬಾರಿನ ಬೆಂಚಿನಲ್ಲಿ ಕೂತಿದ್ದರೂ ಸರಿ, ಯಾರಾದರೂ ಆ ಹೆಸರೆತ್ತಿದರೆ ಅವನು ಬಿಯರ್ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟು, ತುಟಿ ಒರೆಸಿಕೊಂಡು, ಕೋರ್ಟಿನಲ್ಲಿ ಸಾಕ್ಷಿ ಹೇಳುವವನಂತೆ ಶುರು ಮಾಡುತ್ತಿದ್ದ.

"ಸ್ಯಾಕ್ಸೊಫೋನ್ ಊದ್ತಾನೆ, ಒಪ್ಕೊಂಡೆ. ಪಿಯಾನೊ ಬರುತ್ತೆ. ಬಲಾಫೋನ್ ಬಡೀತಾನೆ. ಡ್ರಮ್ಸೂ ಒಂದ್ ಮಟ್ಟಕ್ಕೆ ಪರವಾಗಿಲ್ಲ. ಬೇಸ್ ಬರಲ್ಲ ಅವನಿಗೆ."

"ಪ್ಯಾರಿಸಿನಲ್ಲಿ ಅವನ ಬೇಸ್ ಕೇಳಿ ಜನ ಎದ್ದು ನಿಂತು ಚಪ್ಪಾಳೆ ಹೊಡೀತಾರಂತಲ್ಲೋ."

"ಎದ್ದು ನಿಂತ್ರು ಅಂದ್ರೆ ಅಲ್ಲೀತನಕ ಕೂತಿದ್ರು ಅಂತಾಯ್ತು. ಬೇಸ್ ಕೇಳ್ತಾ ಜನ ಕೂತಿರ್ತಾರೆ ಅಂದ್ರೆ ಅದೆಂಥ ಬೇಸು?"

ಬೆಂಚಿನವರು ನಗುತ್ತಿದ್ದರು. ಮೂದಿಕಿ ನಗುತ್ತಿರಲಿಲ್ಲ. ಅವನಿಗೆ ಅದು ತಮಾಷೆಯ ವಿಷಯವಾಗಿರಲಿಲ್ಲ.

ಪ್ರಿಸೊನ ಹೆಸರನ್ನು ದೇಶದೇಶಕ್ಕೆ ಸಾರಿದ ಆ ರೆಕಾರ್ಡಿನ ಹೊದಿಕೆಯ ಮೇಲೆ ಅವನೊಬ್ಬನೇ ನಿಂತಿದ್ದಾನೆ, ಸುತ್ತಲೂ ವಾದ್ಯಗಳು. ಎಲ್ಲವನ್ನೂ ಅವನೇ ನುಡಿಸಿದ್ದು. ಮುಚ್ಚಿದ ಕೋಣೆಯಲ್ಲಿ ಒಂದೊಂದನ್ನೇ ಬೇರೆ ಬೇರೆಯಾಗಿ ನುಡಿಸಿ, ಒಂದರ ಮೇಲೊಂದನ್ನು ಪೇರಿಸಿದ್ದು. ಅದನ್ನು ಮೊದಲ ಸಲ ಕೇಳಿದಾಗ ಮೂದಿಕಿಯ ಕಣ್ಣಿಗೆ ಕಟ್ಟಿದ್ದು ಒಬ್ಬ ಮನುಷ್ಯ ಊಟದ ಮೇಜಿನ ಸುತ್ತ ಕುರ್ಚಿ ಬದಲಿಸುತ್ತಾ ತನ್ನ ಜೊತೆ ತಾನೇ ಹರಟೆ ಹೊಡೆಯುತ್ತಿರುವ ಚಿತ್ರ. ಹೇಳುವವನೂ ಅವನೇ, ಹೂಂಗುಟ್ಟುವವನೂ ಅವನೇ. ಅಂಥವನಿಗೆ ಯಾರಿಗಾಗಿಯೂ ಕಾಯುವ ಪ್ರಮೇಯ ಬರುವುದಿಲ್ಲ. ದುವಾಲಾದ ಸ್ಟುಡಿಯೊಗಳು ಬಲುಬೇಗ ಆ ಪಾಠ ಕಲಿತವು. ಒಬ್ಬನಿಂದ ಆಗುವುದಕ್ಕೆ ತಂಡ ಯಾಕೆ ಎಂದವು. ಮೂದಿಕಿಯ ಡ್ರಮ್ಮುಗಳು ಆಮೇಲೆ ಮದುವೆಗೆ, ಸಾವಿಗೆ, ಭಾನುವಾರದ ಚರ್ಚಿಗೆ ಮಾತ್ರ ಉಳಿದವು.

ಅವನು ಡ್ರಮ್ಮಿನವನು. ಜೀವಮಾನವೆಲ್ಲ ಒಬ್ಬನೇ ಬೇಸಿನವನ ಪಕ್ಕದಲ್ಲಿ ಕೂತು ಬಾರಿಸಿದವನು. ಆ ಬೇಸಿನವನು ಕಿಂಗೆ. ಹೋದ ಮಳೆಗಾಲದಲ್ಲಿ ಕಿಂಗೆ ಸತ್ತ.

ಮಣ್ಣಿಗೆ ಪ್ರಿಸೊ ಬರಲಿಲ್ಲ. ಹುಡುಗನಾಗಿದ್ದಾಗ ಕಿಂಗೆಯ ಮನೆಯ ಜಗುಲಿಯಲ್ಲೇ ಮಲಗಿ, ಅವನ ಹೆಂಡತಿ ಸಿಪೋರಾ ಬಡಿಸಿದ್ದನ್ನೇ ತಿಂದು, ಅವನ ಗಿಟಾರಿನಲ್ಲೇ ಬೆರಳು ಹದ ಮಾಡಿಕೊಂಡವನು ಹೂವಿನ ದೊಡ್ಡ ಚಕ್ರವೊಂದನ್ನು ಕಳಿಸಿ ಸುಮ್ಮನಾದ. ಈಗ ವರ್ಷ ತುಂಬಿ ದುಃಖ ಕಳೆಯುವ ದಿನ ಗೊತ್ತಾದ ಮೇಲೆ, ಕಪ್ಪು ಬಟ್ಟೆ ತೆಗೆದು ಕುಣಿದು ಕುಡಿಯುವ ಹೊತ್ತಿಗೆ, ಬರುತ್ತೇನೆಂದು ಫೋನು ಮಾಡಿದ್ದ. ಬರುವುದಷ್ಟೇ ಅಲ್ಲ, ಕಿಂಗೆಯ ಬೇಸ್ ಗಿಟಾರ್ ತನಗೆ ಸೇರಬೇಕಾದದ್ದು ಎಂದೂ ಹೇಳಿದ್ದ.

"ಹಾಗಂತ ಅಪ್ಪ ಮಾತು ಕೊಟ್ಟಿದ್ರಂತೆ," ಎಂದು ಆ ಸುದ್ದಿ ತಂದವಳು ಎಂಡಾಲೆ. ಎಂಡಾಲೆ ಕಿಂಗೆಯ ಮಗಳು. ಅಪ್ಪ ಹಾಸಿಗೆ ಹಿಡಿದ ದಿನದಿಂದ ತಂಡದ ಬೇಸ್ ಅವಳೇ ನುಡಿಸುತ್ತಿದ್ದಳು, ಅದೇ ಗಿಟಾರಿನಲ್ಲಿ. "ಅವನ ಹತ್ರ ಗಿಟಾರಿಗೇನು ಬರವಾ ಚಿಕ್ಕಪ್ಪ? ತಗೊಂಡ್ಹೋಗಿ ಗೋಡೆಗೆ ತೂಗ್ಹಾಕ್ತಾನೆ. ಕೆಳಗೊಂದು ದೀಪ ಹಚ್ಚಿ ಫೋಟೊ ತೆಗೆಸ್ಕೋತಾನೆ."

"ನಿಮ್ಮಮ್ಮ ಏನಂತಾಳೆ?"

"ಅಮ್ಮ ಆ ಮಾತು ಕೇಳಿಸ್ಕೊಂಡಿದ್ಲಂತೆ. ಅದೇ ಆಗಿರೋದು ಈಗ."

ಸಿಪೋರಾ ಸುಳ್ಳು ಹೇಳುವ ಹೆಂಗಸಲ್ಲ. ಕಿಂಗೆ ಆ ಮಾತು ಆಡಿದ್ದು ನಿಜ, ತಾನು ಮೀನು ಹುರಿಯುತ್ತಿದ್ದಾಗ ಹಿತ್ತಿಲಿನಲ್ಲಿ ಆಡಿದ್ದು ಎಂದಳು. ಆದರೆ ಮಾತಿಗೊಂದು ಬಾಲವಿತ್ತು. 'ನಾನು ಹೋದ್ಮೇಲೆ ಇದು ನಿಂದೇ ಕಣೋ, ಅಷ್ಟು ಹೊತ್ತಿಗೆ ನಿನ್ನ ಕೈ ಹದವಾಗಿದ್ರೆ.' ಕೈ ಹದವಾಗಿದೆಯೋ ಇಲ್ಲವೋ ಹೇಳುವವರು ಯಾರು? ಕುಟುಂಬದ ಹಿರಿಯರು ಸೇರಿ ಮಾತಾಡಿದರು. ಕಿಂಗೆಯ ಕೈಯನ್ನು ಬಲ್ಲವನು ಮೂದಿಕಿಯೊಬ್ಬನೇ. ಅವನು ಡ್ರಮ್ಮಿನಲ್ಲಿ ಕೂರಲಿ, ಪ್ರಿಸೊ ಎಲ್ಲರ ಮುಂದೆ ನುಡಿಸಲಿ, ಮೂದಿಕಿ ಹೇಳಿದ್ದೇ ಕೊನೆಯ ಮಾತು ಎಂದರು.

ಪ್ರಿಸೊ ಅದಕ್ಕೆ ಒಪ್ಪಿದ ಎಂದು ಕೇಳಿ ಎಂಡಾಲೆ ಮೊದಲ ಸಲ ನಕ್ಕಳು. "ಪಾಪ, ಅವನು ಬಾರಿನ ಬೆಂಚಿನ ಮೇಲೆ ಯಾವತ್ತೂ ಕೂತಿಲ್ಲ ಅನ್ಸುತ್ತೆ."

ಗಿಟಾರು ಹೋದರೆ ತಂಡ ಹೋಯಿತು ಎಂಬುದು ಮೂದಿಕಿಗೆ ಗೊತ್ತಿತ್ತು. ಕಿಂಗೆಯ ಗಿಟಾರು ಇದೆ ಎಂಬ ಒಂದೇ ಕಾರಣಕ್ಕೆ ಜನ ಈಗಲೂ ಅವರನ್ನು ಕರೆಯುತ್ತಿದ್ದರು.

ಆ ಗಿಟಾರಿಗೊಂದು ಐಬಿತ್ತು. ಒಳಗಿನ ಯಾವುದೋ ವೈರು ಸರಿಯಿಲ್ಲದೆ, ಕೈ ತಂತಿಗಳ ಮೇಲಿದ್ದಷ್ಟು ಹೊತ್ತು ಸುಮ್ಮನಿರುತ್ತಿತ್ತು. ಕೈ ತೆಗೆದೊಡನೆ ಹಿಂದಿನ ಸ್ಪೀಕರ್ ಪೆಟ್ಟಿಗೆಯಿಂದ ಗುಂಯ್ ಎಂದು ಸಣ್ಣಗೆ ಸದ್ದು ಶುರುವಾಗುತ್ತಿತ್ತು. ರಿಪೇರಿಯವನು ಎಷ್ಟೋ ಸಲ ಬಿಚ್ಚಿ ಸರಿ ಮಾಡಿಕೊಡುತ್ತೇನೆಂದಿದ್ದ. ಕಿಂಗೆ ಒಪ್ಪಲಿಲ್ಲ. "ಬೇಡ ಮಾರಾಯ. ನಾನು ಇದ್ದೀನೋ ಇಲ್ವೋ ಅಂತ ಮೂದಿಕಿಗೆ ಮತ್ತೆ ಹೇಗೆ ಗೊತ್ತಾಗ್ಬೇಕು?"

ಅದು ನಿಜವೇ ಆಗಿತ್ತು. ದೇಯಿದೊದ ತಂಡಗಳಲ್ಲಿ ಗುಂಡಿ ಎಂಬುದೊಂದಿದೆ. ಹಾಡು ನಡುರಸ್ತೆಯಲ್ಲಿ ಓಡುತ್ತಿರುವಾಗ ಡ್ರಮ್ಮಿನವನು ಹೇಳದೆ ಕೇಳದೆ ನಿಲ್ಲಿಸಿಬಿಡುತ್ತಾನೆ. ಅವನೊಡನೆ ಎಲ್ಲರೂ ಒಟ್ಟಿಗೆ ನಿಲ್ಲಬೇಕು. ಕುಣಿಯುವವರ ಕಾಲು ಎತ್ತಿದಲ್ಲೇ ಇರುತ್ತದೆ. ಗುಂಡಿಗೆ ಬಿದ್ದ ಹಾಡನ್ನು ಮೇಲಕ್ಕೆತ್ತುವುದು ಬೇಸಿನವನ ಕೆಲಸ. ಅವನು ಬರುವ ತನಕ ಡ್ರಮ್ಮಿನವನು ಕೈ ಎತ್ತಕೂಡದು. ಬೇಸು ಯಾವಾಗ ಬರಬೇಕು ಎಂದು ಯಾರೂ ಎಣಿಸುವುದಿಲ್ಲ, ಯಾರೂ ಕಣ್ಣು ಹೊಡೆಯುವುದಿಲ್ಲ. ಬೇಗ ಬಂದರೆ ಹೆದರಿದ ಎಂದು ಜನ ನಗುತ್ತಾರೆ. ತಡವಾದರೆ ಕುರ್ಚಿ ಹುಡುಕುತ್ತಾರೆ. ನಿಂತ ಮೇಲೆ ಒಂದು ಗಳಿಗೆ ಬರುತ್ತದೆ, ಎತ್ತಿದ ಕಾಲು ಇನ್ನು ನೆಲ ಮುಟ್ಟಲೇಬೇಕು ಎನ್ನಿಸುವ ಗಳಿಗೆ. ಸಾಧಾರಣ ಬೇಸಿನವರೆಲ್ಲ ಅಲ್ಲಿಗೇ ಬರುತ್ತಾರೆ. ಕಿಂಗೆ ಅದನ್ನು ಬಿಟ್ಟುಕೊಡುತ್ತಿದ್ದ. ಜನರ ಉಸಿರು ಇನ್ನೊಮ್ಮೆ ಗಂಟಲಿಗೆ ಬರುವ ತನಕ ಕಾದು, ಎರಡನೆಯ ಗಳಿಗೆಯಲ್ಲಿ ಬರುತ್ತಿದ್ದ. ಆ ಮೌನ ಕೇಳಲೆಂದೇ ಆಕ್ವಾದಿಂದ, ಹೊಳೆಯಾಚೆಯ ಬೊನಾಬೇರಿಯಿಂದ ಜನ ಬರುತ್ತಿದ್ದರು. ಮೂದಿಕಿ ಆಗೆಲ್ಲ ಕಣ್ಣು ಮುಚ್ಚಿ ಪೆಟ್ಟಿಗೆಗೆ ಕಿವಿಗೊಟ್ಟು ಕೂರುತ್ತಿದ್ದ. ಗುಂಯ್ ಎನ್ನದಿದ್ದರೆ ಕಿಂಗೆಯ ಬೆರಳು ತಂತಿಯ ಮೇಲಿದೆ, ಅವನು ಬರುತ್ತಾನೆ ಎಂದರ್ಥ.

ಪ್ರಿಸೊನನ್ನು ಗುಂಡಿಗೆ ಬೀಳಿಸಬೇಕೆಂದು ಮೂದಿಕಿ ಅಂದೇ ನಿರ್ಧರಿಸಿದ. ಅಷ್ಟು ವರ್ಷ ತಾನೇ ಬಾರಿಸಿದ ಡ್ರಮ್ಮಿಗೆ ತಾನೇ ಬೇಸ್ ಸೇರಿಸಿದವನನ್ನು ಯಾರು ತಾನೆ ನಡುದಾರಿಯಲ್ಲಿ ನಿಲ್ಲಿಸಿದ್ದಾರೆ? ನಿಂತ ಕೂಡಲೆ ಅವನು ಗಾಬರಿಯಾಗಿ ಸ್ವರಗಳನ್ನು ಸುರಿಯುತ್ತಾನೆ. ಇಡೀ ಕೇರಿ ನೋಡುತ್ತದೆ. ಆಮೇಲೆ ತೀರ್ಪು ಹೇಳುವ ಅಗತ್ಯವೂ ಇರುವುದಿಲ್ಲ.

ದುಃಖ ಕಳೆಯುವ ದಿನ ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ಬೆಳಿಗ್ಗೆ ಚರ್ಚಿನಿಂದ ಬಂದ ಮೇಲೆ ಸಿಪೋರಾ ಕಪ್ಪು ತೆಗೆದಿಟ್ಟು, ಹಳದಿ ಹೂಗಳ ಉದ್ದನೆಯ ಕಾಬಾ ತೊಟ್ಟು, ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಸುಟ್ಟ ಮೀನಿನ ಹೊಗೆ, ನ್ದೋಲೆ ಸೊಪ್ಪಿನ ಪಾತ್ರೆಗಳು, ಎಲೆಯಲ್ಲಿ ಸುತ್ತಿ ಬೇಯಿಸಿದ ಮರಗೆಣಸಿನ ಮಿಯೊಂಡೊಗಳ ರಾಶಿ. ಬಿಸಿಲು ಇಳಿಯತೊಡಗಿದಾಗ ಪ್ರಿಸೊ ಬಂದ. ಮೊಣಕಾಲ ಕೆಳಗಿನ ತನಕ ಪಂಚೆಯಂತೆ ಸಾಂಜಾ ಸುತ್ತಿ, ಬಿಳಿ ಅಂಗಿ ತೊಟ್ಟು, ಕೇರಿಯವನಂತೆಯೇ ಬಂದ. ಅವನು ಕೇರಿಯವನಂತೆ ಬಂದದ್ದೇ ಮೂದಿಕಿಯ ಮೈ ಉರಿಸಿತು.

ಪ್ರಿಸೊ ಸಿಪೋರಾಳ ಮುಂದೆ ಬಾಗಿದ. ಅವಳು ಅವನ ಕೈಯನ್ನು ಒಂದು ಗಳಿಗೆ ಹಿಡಿದು ಬಿಟ್ಟಳು. ಎಂಡಾಲೆ ಮೀನಿನ ತಟ್ಟೆ ಹಿಡಿದು ಅವನ ದಾರಿಗೆ ಅಡ್ಡ ನಿಂತಳು.

"ಬನ್ನಿ ದೊಡ್ಡೋರೆ. ಮಣ್ಣಿಗೆ ವಿಮಾನ ಸಿಗ್ಲಿಲ್ಲ, ಮೀನಿಗೆ ಸಿಕ್ತು."

"ಎಂಡಾಲೆ, ಎಷ್ಟು ದೊಡ್ಡೋಳಾಗಿದ್ದೀಯ."

"ಆಗ್ದೆ ಏನು? ನೀವು ಬರೋ ತನಕ ಬೆಳೀದೆ ಕಾಯ್ಬೇಕಿತ್ತಾ?"

ಸುತ್ತಲಿದ್ದ ಹೆಂಗಸರು ಬಾಯಿಗೆ ಕೈಯಿಟ್ಟು ನಕ್ಕರು. ಪ್ರಿಸೊ ತಟ್ಟೆಯಿಂದ ಒಂದು ತುಂಡು ತೆಗೆದುಕೊಂಡು ತಿಂದ. ಆಮೇಲೆ ಡ್ರಮ್ಮುಗಳ ಹತ್ತಿರ ಬಂದು ನಿಂತ.

"ಸಾಂಗೊ ಮೂದಿಕಿ," ಎಂದ. ಹಿರಿಯರನ್ನು ಹೇಗೆ ಕರೆಯಬೇಕೋ ಹಾಗೇ ಕರೆದ.

"ಏನು?"

"ಚೆನ್ನಾಗಿದ್ದೀರಾ?"

"ನಿನ್ನ ರೆಕಾರ್ಡ್ ಬಂದಾಗ್ನಿಂದ ಪುರುಸೊತ್ತಾಗಿದ್ದೀನಿ. ಗಿಟಾರ್ ಎತ್ಕೋ."

ಎಂಡಾಲೆ ಗಿಟಾರನ್ನು ತಂದು ಕೊಡಲಿಲ್ಲ. ಅದು ಕುರ್ಚಿಗೆ ಒರಗಿತ್ತು. ಪ್ರಿಸೊ ತಾನೇ ಹೋಗಿ ಎತ್ತಿಕೊಂಡ, ಪಟ್ಟಿಯನ್ನು ಹೆಗಲಿಗೇರಿಸಿದ, ವೈರು ಸಿಕ್ಕಿಸಿದ. ಪೆಟ್ಟಿಗೆ ಗುಂಯ್ ಎಂದಿತು. ಅವನ ಅಂಗೈ ತಂತಿಗಳ ಮೇಲೆ ಕೂತಿತು. ಸದ್ದು ನಿಂತಿತು.

ಮೂದಿಕಿ ಶುರು ಮಾಡಿದ. ಕಿಂಗೆಯ ಹಳೆಯ ಹಾಡು, ಇಡೀ ಕೇರಿಯ ಕಾಲಿಗೆ ಗೊತ್ತಿದ್ದದ್ದು. ತಂಡದ ಗಿಟಾರಿನವನು ಸೇರಿಕೊಂಡ. ಪ್ರಿಸೊ ಬೇಸ್ ಎತ್ತಿದ.

ಮೊದಮೊದಲು ಮೂದಿಕಿ ತಪ್ಪು ಹುಡುಕಿದ. ಸಿಕ್ಕವು ಕೂಡ. ಬೆರಳು ತೀರಾ ಶುಭ್ರವಾಗಿದೆ ಎನ್ನಿಸಿತು, ಇಸ್ತ್ರಿ ಮಾಡಿದ ಅಂಗಿಯಂತೆ. ಕಿಂಗೆಯ ಬೇಸಿನಲ್ಲಿ ಒಂದು ಕೆಸರಿತ್ತು. ಹಡಗಿನ ಮೂಟೆ ಹೊತ್ತ ಕೈ ಅದು. ಇವನದರಲ್ಲಿ ಕೆಸರಿರಲಿಲ್ಲ. ಸರಿ, ಇದನ್ನು ಹೇಳಬಹುದು ಎಂದುಕೊಂಡ ಮೂದಿಕಿ. ಮೇಲಿನ ತಂತಿಗೆ ಹೋಗಿ ಒಂದು ಸಣ್ಣ ಅಲಂಕಾರ ಮಾಡಿ ಇಳಿದಾಗ, ಇದು ಗಿಟಾರಿನವನ ಚಟ, ಇದನ್ನೂ ಹೇಳಬಹುದು ಎಂದುಕೊಂಡ. ಆದರೆ ಕುರ್ಚಿಗಳಲ್ಲಿದ್ದವರು ಏಳುತ್ತಿದ್ದರು. ಮುದುಕಿಯರು ಕಾಬಾವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಸೊಂಟ ತಿರುಗಿಸುತ್ತಾ ನಡುವಿಗೆ ಬರುತ್ತಿದ್ದರು. ಯಾರೂ ಪ್ರಿಸೊನನ್ನು ನೋಡುತ್ತಿರಲಿಲ್ಲ. ಬೇಸ್ ಸರಿಯಿದ್ದಾಗ ಯಾರೂ ಬೇಸಿನವನನ್ನು ನೋಡುವುದಿಲ್ಲ. ಮೂದಿಕಿಗೆ ಅದು ಗೊತ್ತಿತ್ತು. ಅವನು ಅದನ್ನು ಯೋಚಿಸಲು ಹೋಗಲಿಲ್ಲ.

ಹಾಡು ಪೂರ್ತಿ ಕಾವೇರಿದಾಗ, ಎಲ್ಲರ ಎಡಗಾಲು ಗಾಳಿಯಲ್ಲಿದ್ದಾಗ, ಅವನು ನಿಲ್ಲಿಸಿದ.

ಗಿಟಾರಿನವನು ನಿಂತ. ಪ್ರಿಸೊ ನಿಂತ.

ಸ್ವರಗಳು ಸುರಿಯಲಿಲ್ಲ. ಒಂದು ತೊಟ್ಟೂ ಬೀಳಲಿಲ್ಲ. ಮೂದಿಕಿ ಕಣ್ಣು ಮುಚ್ಚಿದ. ಕೋಲುಗಳು ಅವನ ತೊಡೆಯ ಮೇಲಿದ್ದವು. ಬಲಗಾಲು ದೊಡ್ಡ ಡ್ರಮ್ಮಿನ ಪೆಡಲ್ ಮೇಲಿತ್ತು.

ಮೊದಲ ಗಳಿಗೆ ಬಂತು, ಹೋಯಿತು. ಪರವಾಗಿಲ್ಲ ಇವನು ಎಂದುಕೊಂಡ ಮೂದಿಕಿ. ಎಲ್ಲೋ ಒಂದು ಮಗು ಕೆಮ್ಮಿತು. ಮೀನಿನ ಕೆಂಡ ಚಟ್ ಎಂದಿತು. ಕಿಂಗೆಯ ಗಳಿಗೆ ಹತ್ತಿರ ಬಂತು. ಮೂದಿಕಿಯ ಮೈಯೆಲ್ಲ ಅದನ್ನು ಗುರುತಿಸಿತು, ಮನೆಯ ಬಾಗಿಲು ಸಮೀಪಿಸಿದಾಗ ಕಾಲಿಗೆ ತಿಳಿಯುವಂತೆ. ಈಗ ಬರುತ್ತಾನೆ. ಈಗ.

ಪ್ರಿಸೊ ಬರಲಿಲ್ಲ.

ಹೋಯಿತು. ತಪ್ಪಿಸಿಕೊಂಡ. ಮೂದಿಕಿಯ ಎದೆಯೊಳಗೆ ಕೊಬ್ಬಿದ ಸಂತೋಷವೊಂದು ಎದ್ದಿತು. ಇವನು ದಾರಿ ತಪ್ಪಿದ್ದಾನೆ, ಗುಂಡಿಯ ತಳದಲ್ಲಿ ಕೂತಿದ್ದಾನೆ, ಇಷ್ಟು ವರ್ಷ ತಾನು ಹೇಳಿದ್ದೇ ನಿಜ. ಯಾರೋ ನಗಲು ಶುರು ಮಾಡಿದರು. ಎತ್ತಿದ ಕಾಲುಗಳು ತೂಗಾಡಿದವು. ಮೌನ ಇನ್ನೂ ಉದ್ದವಾಯಿತು. ಅಷ್ಟು ದೂರ ಮೂದಿಕಿ ಹಿಂದೆಂದೂ ಬಂದಿರಲಿಲ್ಲ. ಆ ಜಾಗದ ಪರಿಚಯವೇ ಅವನಿಗಿರಲಿಲ್ಲ. ಅಲ್ಲಿ ಏನೋ ಒಂದು ಮತ್ತೆ ಒಟ್ಟುಗೂಡುತ್ತಿತ್ತು, ನಗುವವರ ಕೆಳಗೆ, ಅವರ ಕಾಲುಗಳ ಕೆಳಗೆ. ಅದು ಏನೆಂದು ತಿಳಿಯುವ ಮುಂಚೆ ಅವನ ಬಲಗಾಲು ತಾನಾಗಿ ಪೆಡಲನ್ನು ತುಳಿಯಿತು.

ಢಂ ಎಂದಿತು ಡ್ರಮ್ಮು. ಅದರ ಬೆನ್ನಿಗೇ, ಬಾಗಿಲ ಹೊರಗೆ ನಿಂತಿದ್ದವನಂತೆ, ಬೇಸ್ ಒಳಗೆ ಬಂತು. ಹಾಡು ಎದ್ದು ನಡೆಯಿತು.

ಜನ ಕುಣಿಯುತ್ತಲೇ ಗೇಲಿ ಮಾಡಿದರು. "ನಿದ್ದೆ ಹೋಗ್ಬಿಟ್ಟಿದ್ದ ಕಣ್ರೇ!" ಎಂದಳು ಒಬ್ಬಳು. "ಪ್ಯಾರಿಸಿನಲ್ಲಿ ಗುಂಡಿ ಇಲ್ಲ, ಪಾಪ, ರಸ್ತೆ ಎಲ್ಲ ನುಣುಪು," ಎಂದ ಇನ್ನೊಬ್ಬ. ಹಾಡು ಮುಗಿದಾಗ ಯಾರೋ ಬಂದು ಮೂದಿಕಿಯ ಬೆನ್ನು ತಟ್ಟಿದರು. "ದೊಡ್ಡ ಮನಸ್ಸು ಕಣಯ್ಯ ನಿಂದು. ಮುಳುಗ್ತಿದ್ದೋನ್ನ ಕೈ ಹಿಡಿದು ಎತ್ತಿದೆ. ನಾನಾಗಿದ್ರೆ ಸಾಯ್ಲಿ ಅಂತ ಬಿಡ್ತಿದ್ದೆ."

ಮೂದಿಕಿ ಬೆನ್ನ ಹಿಂದಿನ ಪೆಟ್ಟಿಗೆಯನ್ನು ನೋಡುತ್ತಿದ್ದ.

ಅದು ಗುಂಯ್ ಎಂದಿರಲಿಲ್ಲ. ಅಷ್ಟೂ ಹೊತ್ತು, ಮೊದಲ ಗಳಿಗೆಯಲ್ಲಿ, ಎರಡನೆಯದರಲ್ಲಿ, ಜನ ನಗುತ್ತಿದ್ದಾಗ, ಒಮ್ಮೆಯೂ ಎಂದಿರಲಿಲ್ಲ. ದಾರಿ ತಪ್ಪಿದವನ ಕೈ ತಂತಿಯ ಮೇಲೆ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಎತ್ತುತ್ತದೆ, ತಡಕುತ್ತದೆ, ಪೆಟ್ಟಿಗೆ ಅದನ್ನು ಹೇಳಿಬಿಡುತ್ತದೆ. ಇವನ ಬೆರಳು ಅಲ್ಲೇ ಇತ್ತು. ಇವನು ಕಾಯುತ್ತಿದ್ದ. ಕಿವಿಗೆ ಬಿದ್ದದ್ದನ್ನು ಮೂದಿಕಿ ನಂಬಲಿಲ್ಲ. ಗುಂಯ್ ಎನ್ನದ ಪೆಟ್ಟಿಗೆಯ ಮುಂದೆ ಕೂತು ಡ್ರಮ್ಮು ಹೊಡೆದುಬಿಟ್ಟ. ಕಿಂಗೆ ಬದುಕಿದ್ದಷ್ಟು ಕಾಲ ಒಮ್ಮೆಯೂ ಹಾಗೆ ಮಾಡಿದವನಲ್ಲ.

ಮೌನವನ್ನು ಮುರಿದವನು ಅವನು. ಅದು ಅವನಿಗೆ ಗೊತ್ತಿತ್ತು, ಪ್ರಿಸೊಗೆ ಗೊತ್ತಿತ್ತು. ಸದ್ದು ಇರದಿದ್ದದ್ದು ಪೆಟ್ಟಿಗೆಯ ಪಕ್ಕದಲ್ಲಿ ಕೂತವನಿಗಷ್ಟೇ ಕೇಳಿಸುತ್ತದೆ. ಒಲೆಯ ಹತ್ತಿರ ನಿಂತಿದ್ದ ಎಂಡಾಲೆಗೆ ಕೇಳಿಸಿರಲಿಲ್ಲ. ಅವಳ ಮುಖ ಬೆಳಗುತ್ತಿತ್ತು.

ಸಿಪೋರಾ ಕೈ ಎತ್ತಿದಳು. ಗದ್ದಲ ಇಳಿಯಿತು.

"ಹೇಳು ಮೂದಿಕಿ. ನಿನ್ನ ಸ್ನೇಹಿತ ಕೇಳಿಸ್ಕೋತಾ ಇದ್ದಾರೆ ಅನ್ಕೊಂಡು ಹೇಳು. ಇವನ ಕೈ ಹದವಾಗಿದ್ಯಾ?"

"ಇನ್ನೇನು ಹೇಳೋದಮ್ಮಾ," ಎಂದಳು ಎಂಡಾಲೆ. "ಎಲ್ರೂ ನೋಡಿದ್ರಲ್ಲ."

ಇಡೀ ಬೀದಿ ತನ್ನನ್ನು ಗೇಲಿ ಮಾಡಿದ್ದರೂ ಪ್ರಿಸೊ ಮೂದಿಕಿಯನ್ನೇ ನೋಡುತ್ತಾ ನಿಂತಿದ್ದ. ಅವನ ಅಂಗೈ ಇನ್ನೂ ತಂತಿಗಳ ಮೇಲಿತ್ತು. ಅವನು ಅದನ್ನು ಮೆಲ್ಲಗೆ ಎತ್ತಿದ. ಪೆಟ್ಟಿಗೆ ಗುಂಯ್ ಎಂದಿತು. ಕೈ ಇಳಿಸಿದ. ನಿಂತಿತು. ಅಷ್ಟೇ. ಮತ್ತೆ ಅವನು ಅದನ್ನು ಮಾಡಲಿಲ್ಲ. ಅದರಲ್ಲಿ ಬೇಡಿಕೆಯೇನೂ ಇರಲಿಲ್ಲ. ನಿನಗೆ ಗೊತ್ತಿದೆ ಎಂದು ನನಗೆ ಗೊತ್ತಿದೆ ಎಂಬ ಹಾಗೆ ಇತ್ತು, ಅದೂ ತಿರಸ್ಕಾರದಿಂದ.

ಸುಮ್ಮನಿದ್ದರೆ ಸಾಕಿತ್ತು. ತಲೆ ಅಲ್ಲಾಡಿಸುವುದೂ ಬೇಕಿರಲಿಲ್ಲ. ಸುಮ್ಮನಿದ್ದರೆ ಆ ಮೌನವನ್ನು ಕೇರಿ ತನಗೆ ಬೇಕಾದಂತೆ ಓದಿಕೊಳ್ಳುತ್ತಿತ್ತು. ಗಿಟಾರು ಉಳಿಯುತ್ತಿತ್ತು, ತಂಡ ಉಳಿಯುತ್ತಿತ್ತು, ಬಾರಿನ ಬೆಂಚಿನ ಮೇಲೆ ಅವನ ಮಾತಿಗೆ ಸಾಯುವ ತನಕ ಬೆಲೆ ಇರುತ್ತಿತ್ತು. ಮೂದಿಕಿ ಸುಮ್ಮನಿದ್ದ. ಎಷ್ಟು ಹೊತ್ತು ಎಂದರೆ, ಮುಂದಿನ ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹದವಾಗಿದೆ," ಎಂದ ಕೊನೆಗೆ. ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳನ್ನು ಉಗಿದಂತಿತ್ತು ಆ ಮಾತು.

"ಏನು?" ಎಂದಳು ಎಂಡಾಲೆ.

"ಇವನು ನಿದ್ದೆ ಹೋಗಿರ್ಲಿಲ್ಲ. ಕಾಯ್ತಾ ಇದ್ದ. ಪೆಟ್ಟಿಗೆ ಗುಂಯ್ ಅನ್ಲಿಲ್ಲ. ಕಾಲು ಜಾರಿದ್ದು ನಂದು."

ಯಾರೂ ನಗಲಿಲ್ಲ. ಸಿಪೋರಾ ಪ್ರಿಸೊ ಕಡೆಗೆ ತಿರುಗಿ, "ತಗೊಂಡ್ಹೋಗು," ಎಂದಳು. "ಅವರ ಮಾತು ಇವತ್ತಿಗೆ ತೀರ್ತು. ಊಟ ಮಾಡಿ ಹೋಗು."

ಎಂಡಾಲೆ ತಟ್ಟೆಯನ್ನು ಕೆಳಗಿಟ್ಟು ಡ್ರಮ್ಮುಗಳ ಹತ್ತಿರ ಬಂದಳು. ದನಿ ಏರಿಸಲಿಲ್ಲ.

"ನೀವು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಅವನಿಗೆ ಗೊತ್ತಿತ್ತು."

"ಯಾರಿಗೆ, ಇವನಿಗಾ? ಇವನು ನಾಳೆ ವಿಮಾನ ಹತ್ತುತ್ತಾನೆ. ನಾನು ಇಲ್ಲೇ ಇರೋಳು ಚಿಕ್ಕಪ್ಪ. ಇಷ್ಟು ವರ್ಷ ಇವನಿಗೆ ಬೇಸ್ ಬರಲ್ಲ ಬರಲ್ಲ ಅಂತ ಊರೆಲ್ಲಾ ಸಾರಿದ್ರಿ. ಒಂದೇ ಒಂದು ಸಲ ಅದರಿಂದ ಉಪಯೋಗ ಆಗೋದಿತ್ತು. ಇವತ್ತೇ ನಿಮಗೆ ಸತ್ಯ ಹೊಳೀಬೇಕಾ?"

ಅವನ ಉತ್ತರಕ್ಕೆ ಕಾಯದೆ ಅವಳು ಒಳಗೆ ಹೋದಳು.

ಪ್ರಿಸೊ ಊಟ ಮಾಡಿದ. ಯಾರೂ ಅವನ ಪಕ್ಕ ಕೂರಲಿಲ್ಲ. ಮಿಯೊಂಡೊದ ಎಲೆಯನ್ನು ಎಳೆ ಎಳೆಯಾಗಿ ಬಿಡಿಸುತ್ತಾ, ಆತುರವಿಲ್ಲದೆ ತಿಂದು, ಕೈ ತೊಳೆಯಲು ನಲ್ಲಿಯ ಹತ್ತಿರ ಹೋದ. ಮೂದಿಕಿ ಅಲ್ಲಿ ನಿಂತಿದ್ದ. ಗಿಟಾರು ಚೀಲದೊಳಗೆ ಸೇರಿ ಪ್ರಿಸೊನ ಹೆಗಲಿನಲ್ಲಿತ್ತು.

"ನಿನ್ನ ಕಂಡ್ರೆ ನನಗಾಗಲ್ಲ," ಎಂದ ಮೂದಿಕಿ.

"ಗೊತ್ತು ಸಾಂಗೊ."

"ಇವತ್ತು ಹೇಳಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿನ್ನ ಬೇಸಲ್ಲಿ ಕೆಸರಿಲ್ಲ. ಮೇಲಿನ ತಂತಿಗೆ ಹೋಗಿ ಮಾಡಿದ್ಯಲ್ಲ, ಅದು ಗಿಟಾರಿನೋರ ಚಟ."

"ಇರಬಹುದು."

"ಇದನ್ನ ಗೋಡೆಗೆ ತೂಗ್ಹಾಕ್ತೀಯ."

"ಅದೂ ಇರಬಹುದು." ಪ್ರಿಸೊ ಕೈ ಕೊಡವಿ ನೀರು ಚೆಲ್ಲಿದ. "ಮೂರನೇ ಗಳಿಗೆ ಒಂದಿದೆ ಅಂತ ನಿಮಗೆ ಗೊತ್ತಿರ್ಲಿಲ್ಲ ಅಲ್ವಾ?"

ಮೂದಿಕಿ ತಲೆ ಎತ್ತಿ ಅವನ ಮುಖ ನೋಡಿದ.

"ನನಗೆ ಕಿಂಗೆ ಹೇಳಿಕೊಟ್ಟಿದ್ದು. ಹಿತ್ತಿಲಲ್ಲಿ, ಡ್ರಮ್ಮಿಲ್ಲದೆ, ಬರೀ ಪಾದ ನೆಲಕ್ಕೆ ಬಡೀತಾ. ಎರಡನೇದು ಊರಿಗೆ, ಮೂರನೇದು ನಮಗೆ ಅಂತಿದ್ರು. ಹಾಗಾದ್ರೆ ವೇದಿಕೆ ಮೇಲೆ ಯಾಕೆ ಮಾಡಲ್ಲ ಅಂತ ಕೇಳ್ದೆ. 'ಮೂದಿಕಿ ಅಷ್ಟು ಹೊತ್ತು ಕಾಯಲ್ಲ ಕಣೋ, ಅವನ ಕಾಲಿಗೆ ಅವಸರ' ಅಂದ್ರು."

ಅವನು ಅದನ್ನು ಮೃದುವಾಗಿಯೇ ಹೇಳಿದ. ಸಾಂಜಾದ ತುದಿಗೆ ಕೈ ಒರೆಸಿಕೊಂಡು, ಬೀದಿಯ ಕೊನೆಯಲ್ಲಿ ನಿಂತಿದ್ದ ಕಾರಿನತ್ತ ನಡೆದ. ಮೂದಿಕಿ ನಲ್ಲಿಯನ್ನು ನಿಲ್ಲಿಸಲು ಹೋಗಿ, ಅದು ಆಗಲೇ ನಿಂತಿರುವುದನ್ನು ಕಂಡ.

ಅದು ಸುಳ್ಳೂ ಆಗಿರಬಹುದಿತ್ತು. ಅವಮಾನಕ್ಕೆ ಪ್ರತಿಯಾಗಿ ಅಲ್ಲೇ ಹೊಸೆದ ಮಾತಾಗಿರಬಹುದಿತ್ತು. ಮೂದಿಕಿ ಆಮೇಲಿನ ದಿನಗಳಲ್ಲಿ ಬಾರಿಗೆ ಹೋಗದೆ ಮನೆಯ ಮುಂದೆ ಕೂತು ಅದನ್ನೇ ತಿರುವಿ ಹಾಕಿದ. ಎರಡನೆಯ ಗಳಿಗೆಯಲ್ಲಿ ಹಾಡನ್ನು ಎತ್ತಿದ ಮೇಲೆ ಕಿಂಗೆ ಒಮ್ಮೊಮ್ಮೆ ಅವನ ಕಡೆ ತಿರುಗಿ ನಗುತ್ತಿದ್ದ. ಅದು ಜೊತೆಗಾರನ ನಗು ಎಂದೇ ಅವನು ಇಷ್ಟು ವರ್ಷ ತಿಳಿದಿದ್ದ. ಈಗ ಆ ನಗುವನ್ನು ನೆನಪಿನಲ್ಲಿ ಎಷ್ಟು ಹತ್ತಿರ ತಂದು ನೋಡಿದರೂ ಅದರಲ್ಲಿ ಏನಿತ್ತು ಎಂದು ಗೊತ್ತಾಗುತ್ತಿರಲಿಲ್ಲ. ಕೇಳೋಣವೆಂದರೆ ಅವನಿಲ್ಲ. ಕಿಂಗೆಯ ಮನೆಯಲ್ಲಿದ್ದ ಪೆಟ್ಟಿಗೆಯೂ ಸುಮ್ಮನಿತ್ತು. ಗುಂಯ್ ಎನ್ನಲು ಅದಕ್ಕೆ ಗಿಟಾರೇ ಇರಲಿಲ್ಲ.

ಒಂದು ಶನಿವಾರ ಎಂಡಾಲೆ ಹೇಳಿಕಳಿಸಿದಳು. ಬೊನಾಬೇರಿಯಲ್ಲೊಂದು ಮದುವೆಯಿದೆ, ಒಪ್ಪಿಕೊಂಡು ಆಗಿಹೋಗಿದೆ, ಅಭ್ಯಾಸಕ್ಕೆ ಮನೆಗೆ ಬರಬೇಕು ಎಂದು.

ಅವಳ ಕೈಯಲ್ಲಿ ಹೊಸ ಬೇಸ್ ಇತ್ತು, ಯಾರಿಂದಲೋ ಎರವಲು ತಂದದ್ದು, ಕೆಂಪಗೆ ಹೊಳೆಯುವಂಥದ್ದು. ಮೂದಿಕಿ ಬಂದು ಕೂತಾಗ ಅವಳು ತಲೆ ಎತ್ತಲಿಲ್ಲ. ಗಿಟಾರಿನವನು ಇಬ್ಬರ ನಡುವೆ ಸಿಕ್ಕಿಕೊಂಡವನಂತೆ ತಂತಿ ಬಿಗಿ ಮಾಡುತ್ತಾ, ಮಾಡಿದ್ದನ್ನೇ ಮತ್ತೆ ಮಾಡುತ್ತಾ ನಿಂತಿದ್ದ.

"ಗಿಟಾರ್ ಚೆನ್ನಾಗಿದೆ," ಎಂದ ಮೂದಿಕಿ.

"ಗುಂಯ್ ಅನ್ನಲ್ಲ," ಎಂದಳು ಅವಳು.

ಶುರು ಮಾಡಿದರು. ಕಿಂಗೆಯ ಅದೇ ಹಾಡು. ಎಂಡಾಲೆಯ ಬೇಸಿನಲ್ಲಿ ಆ ದಿನ ಕೆಸರಿತ್ತು, ಕೋಪದ್ದು. ಒಂದೊಂದು ಸ್ವರವನ್ನೂ ಅವಳು ಮೂದಿಕಿಯ ಡ್ರಮ್ಮಿನ ಮೇಲೆ ಎತ್ತಿ ಹಾಕುತ್ತಿದ್ದಳು. ಇಷ್ಟು ಚೆನ್ನಾಗಿ ಅವಳು ಯಾವತ್ತೂ ನುಡಿಸಿದ್ದಿಲ್ಲ ಎಂದು ಅವನಿಗೆ ಅನ್ನಿಸಿತು. ಹಾಗೆಂದು ಹೇಳುವ ಹಕ್ಕು ತನಗಿನ್ನು ಇಲ್ಲ ಎಂದೂ ಅನ್ನಿಸಿತು. ಹಾಡು ಕಾವೇರಿತು. ಗುಂಡಿಯ ಜಾಗ ಬಂತು. ಅವನು ದಾಟಿಹೋಗಬಹುದಿತ್ತು. ನಿಲ್ಲಿಸಿದ.

ಎಲ್ಲವೂ ನಿಂತಿತು. ಎಂಡಾಲೆ ಅವನಿಗೆ ಬೆನ್ನು ತಿರುಗಿಸಿ ಗೋಡೆಯತ್ತ ಮುಖ ಮಾಡಿ ನಿಂತಿದ್ದಳು. ಅವಳ ಕೈಗಳು ಅವನಿಗೆ ಕಾಣುತ್ತಿರಲಿಲ್ಲ. ಹಿಂದಿನ ಪೆಟ್ಟಿಗೆ ಏನನ್ನೂ ಹೇಳಲಿಲ್ಲ. ಅವಳ ಬೆರಳು ತಂತಿಯ ಮೇಲಿದೆಯೋ, ಕೈಯನ್ನು ಇಳಿಬಿಟ್ಟು ಸುಮ್ಮನೆ ನಿಂತಿದ್ದಾಳೋ ತಿಳಿಯುವ ದಾರಿಯೇ ಇರಲಿಲ್ಲ.

ಮೊದಲನೆಯದು ಹೋಯಿತು. ಎರಡನೆಯದು ಬಂತು, ಹೋಯಿತು. ಗಿಟಾರಿನವನು ಮೂದಿಕಿಯ ಮುಖ ನೋಡಿದ. ಹೊರಗೆ ಮೋಟಾರ್ ಸೈಕಲ್ಲೊಂದು ಹೋದ ಸದ್ದು ದೂರವಾಗುತ್ತಾ ಕರಗಿತು. ಮೂದಿಕಿಯ ಬಲಗಾಲು ಪೆಡಲನ್ನು ತುಳಿಯಲು ಹವಣಿಸಿತು. ಅವನು ಅದನ್ನು ಎತ್ತಿ ನೆಲದ ಮೇಲಿಟ್ಟ. ಕೋಲುಗಳನ್ನು ಜೋಡಿಸಿ ತೊಡೆಯ ಮೇಲಿಟ್ಟ.

ಎಂಡಾಲೆ ತಿರುಗಲಿಲ್ಲ.

"ಅಣ್ಣಾ, ಮುಗೀತಾ?" ಎಂದು ಗಿಟಾರಿನವನು ಪಿಸುಗುಟ್ಟಿದ.

"ಸುಮ್ನಿರು," ಎಂದ ಮೂದಿಕಿ. ಕಣ್ಣು ಮುಚ್ಚದೆ, ಅವಳ ಬೆನ್ನನ್ನೇ ನೋಡುತ್ತಾ ಕೂತ.